ತೋಟ ಮತ್ತು ಗುಡ್ಡ: ಕೃಷಿ ಅರಣ್ಯದ ಮೂಲಕ ಕಾಡಿನ ಪುನಶ್ಚೇತನ

ತರಗತಿ: ಪ್ರೌಢಶಾಲಾ ವಿಭಾಗ
ಸಂಬಂಧಿತ ವಿಷಯಗಳು: ಜೀವವಿಜ್ಞಾನ, ಸಮಾಜ ವಿಜ್ಞಾನ, ಗಣಿತ, ಕನ್ನಡ
ಅವಧಿಗಳು: 5 (ಕ್ಷೇತ್ರ ಸಂದರ್ಶನವೂ ಸೇರಿ)

ಪೀಠಿಕೆ

ಕಾಸರಗೋಡು ಜಿಲ್ಲೆಯ ಒಳನಾಡಿನಲ್ಲಿ ಊರೆಂದರೆ ಸಾಮಾನ್ಯವಾಗಿ ಒಂದು ಕಣಿವೆ ಮತ್ತು ಅದನ್ನು ಸುತ್ತುವರಿದ ಗುಡ್ಡಗಳು. ಕಣಿವೆಯ ತಳದಲ್ಲಿ ಗದ್ದೆ, ಅದರ ಅಂಚಿನಲ್ಲಿ ಅಡಿಕೆ ಮತ್ತು ತೆಂಗಿನ ತೋಟ, ತೋಟದ ಮೇಲ್ಗಡೆ ಮನೆ ಮತ್ತು ಹಟ್ಟಿ, ಅದಕ್ಕೂ ಮೇಲೆ ಮುರಕಲ್ಲಿನ ಗುಡ್ಡ. ಅಡಿಕೆಯ ಬುಡಕ್ಕೆ ಹಾಕುವ ಸೊಪ್ಪು, ಹಟ್ಟಿಗೆ ಹಾಸುವ ತರಗೆಲೆ, ಒಲೆಯ ಸೌದೆ, ಮನೆಯ ಮಾಡಿಗೆ ಬೇಕಾದ ಮರ, ಸುರಂಗದಲ್ಲಿ ಒಸರುವ ನೀರು ಇವೆಲ್ಲವೂ ತಲೆಮಾರುಗಳಿಂದ ಗುಡ್ಡದಿಂದಲೇ ಬಂದವು. ತೋಟದ ಲೆಕ್ಕವನ್ನು ಗುಡ್ಡದ ಲೆಕ್ಕದಿಂದ ಬೇರ್ಪಡಿಸಿ ನೋಡಲು ಬರುವುದಿಲ್ಲ.

ಪಠ್ಯಪುಸ್ತಕಗಳು ಕೃಷಿ ಅರಣ್ಯವನ್ನು ‘ಬೆಳೆಗಳೊಂದಿಗೆ ಮರಗಳನ್ನೂ ಬೆಳೆಸುವ ಪದ್ಧತಿ’ ಎಂದು ವಿವರಿಸುತ್ತವೆ. ವಿವರಣೆ ಸರಿಯಾಗಿದೆ, ಆದರೆ ತೋಟದ ನಡುವೆಯೇ ಬೆಳೆದ ಮಕ್ಕಳಿಗೆ ಅದರಲ್ಲಿ ಹೊಸದೇನೂ ಇಲ್ಲ. ಅವರು ಕೇಳಬೇಕಾದ ಪ್ರಶ್ನೆ ಬೇರೆ: ತೋಟದಲ್ಲಿ ಮರಗಳಿದ್ದ ಮಾತ್ರಕ್ಕೆ ಗುಡ್ಡದ ಕಾಡು ಮರಳಿ ಬರುವುದೇ? ಕೃಷಿ ಅರಣ್ಯವು ಕಾಡಿಗೆ ಬದಲಿಯಲ್ಲ, ಕಾಡಿನ ಮೇಲಿನ ಹೊರೆಯನ್ನು ಇಳಿಸಿ ಅದು ತಾನಾಗಿ ಚೇತರಿಸಿಕೊಳ್ಳಲು ಅವಕಾಶ ಕೊಡುವ ಬೇಸಾಯಕ್ರಮ ಎಂಬುದನ್ನು ಮನಗಾಣಿಸುವುದೇ ಈ ಘಟಕದ ತಿರುಳು.

ಕಲಿಕೆಯ ಉದ್ದೇಶಗಳು

ಈ ಘಟಕದ ಕೊನೆಯಲ್ಲಿ ವಿದ್ಯಾರ್ಥಿಗಳು
• ಕೃಷಿ ಅರಣ್ಯದ ಅರ್ಥವನ್ನೂ ಬಗೆಗಳನ್ನೂ ಸ್ಥಳೀಯ ಉದಾಹರಣೆಗಳೊಂದಿಗೆ ವಿವರಿಸುವರು;
• ಬಹು ಅಂತಸ್ತಿನ ತೋಟದಲ್ಲಿ ಬೆಳಕು, ಬೇರು ಮತ್ತು ಜಾಗದ ಹಂಚಿಕೆಯನ್ನು ಲೆಕ್ಕ ಹಾಕಿ ತೋರಿಸುವರು;
• ಏಕಬೆಳೆಯ ನೆಡುತೋಪು, ಮಿಶ್ರ ತೋಟ ಮತ್ತು ಸ್ವಾಭಾವಿಕ ಕಾಡು ಇವುಗಳ ವ್ಯತ್ಯಾಸವನ್ನು ಗುರುತಿಸುವರು;
• ತಮ್ಮ ಊರಿನ ಒಂದು ತುಂಡು ಭೂಮಿಗೆ ಹೊಂದುವ ಪುನಶ್ಚೇತನ ಯೋಜನೆಯನ್ನು ರೂಪಿಸುವರು.

1. ಹೆಸರು ಹೊಸದು, ಪದ್ಧತಿ ಹಳೆಯದು

ಮರ, ಬೆಳೆ ಮತ್ತು ಜಾನುವಾರುಗಳನ್ನು ಒಂದೇ ಭೂಮಿಯಲ್ಲಿ, ಒಂದಕ್ಕೊಂದು ಪೂರಕವಾಗುವಂತೆ ಇಟ್ಟುಕೊಳ್ಳುವುದೇ ಕೃಷಿ ಅರಣ್ಯ. ಹಟ್ಟಿಯ ಗೊಬ್ಬರ ತೋಟಕ್ಕೆ, ತೋಟದ ಹುಲ್ಲು ಹಟ್ಟಿಗೆ, ಬೇಲಿಯ ಸೊಪ್ಪು ಎರಡಕ್ಕೂ ಒದಗುವ ಮನೆಹಿತ್ತಿಲು ಇದರ ಅತ್ಯಂತ ಪರಿಚಿತ ರೂಪ.

ತುಳುನಾಡಿನ ಗುಡ್ಡಗಳಲ್ಲಿ ಹಿಂದೆ ‘ಕುಮೇರಿ’ ಎಂಬ ಬೇಸಾಯವಿತ್ತು. ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಒಂದೆರಡು ವರ್ಷ ಧಾನ್ಯ ಬೆಳೆದು, ಬಳಿಕ ಅನೇಕ ವರ್ಷಗಳ ಕಾಲ ಆ ಜಾಗವನ್ನು ಕಾಡಿಗೇ ಬಿಟ್ಟುಕೊಡುವ ಕ್ರಮ ಅದು. ಜನಸಂಖ್ಯೆ ವಿರಳವಾಗಿದ್ದು ಬಿಡುವಿನ ಅವಧಿ ದೀರ್ಘವಾಗಿದ್ದಾಗ ಕಾಡು ಮತ್ತೆ ಬೆಳೆಯುತ್ತಿತ್ತು. ಬಿಡುವು ಕಿರಿದಾದಾಗ ಮಣ್ಣು ಸವೆಯುತ್ತಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಮದರಾಸು ಸರಕಾರವು ಕುಮೇರಿಯನ್ನು ನಿರ್ಬಂಧಿಸಿತು. ಅದೇ ಶತಮಾನದ ಮಧ್ಯಭಾಗದಲ್ಲಿ ಬರ್ಮಾದ ಅರಣ್ಯ ಇಲಾಖೆಯು ‘ಟಾಂಗ್ಯ’ ಎಂಬ ವ್ಯವಸ್ಥೆಯನ್ನು ರೂಪಿಸಿತು. ತೇಗದ ಸಸಿಗಳ ಸಾಲುಗಳ ನಡುವೆ ರೈತರು ಕೆಲವು ವರ್ಷ ಬೆಳೆ ತೆಗೆಯಬಹುದು, ಪ್ರತಿಯಾಗಿ ಸಸಿಗಳನ್ನು ನೋಡಿಕೊಳ್ಳಬೇಕು ಎಂಬುದು ಕರಾರು. ಮುಂದೆ ಇದು ಕೇರಳವೂ ಸೇರಿ ಭಾರತದ ಹಲವೆಡೆ ಬಳಕೆಗೆ ಬಂತು.

ಈ ಎರಡನ್ನೂ ಹೋಲಿಸುವಂತೆ ಶಿಕ್ಷಕರು ತರಗತಿಯನ್ನು ಪ್ರೇರೇಪಿಸಬಹುದು. ಕುಮೇರಿಯಲ್ಲಿ ಬಿಡುವಿನ ನಂತರ ಬರುತ್ತಿದ್ದುದು ನಾನಾ ಜಾತಿಯ ಕಾಡು; ಟಾಂಗ್ಯದಲ್ಲಿ ಉಳಿಯುತ್ತಿದ್ದುದು ತೇಗದ ತೋಪು. ಎರಡರಲ್ಲೂ ಬೆಳೆ ಮತ್ತು ಮರ ಜೊತೆಗಿದ್ದವು. ಫಲ ಮಾತ್ರ ಒಂದೇ ಆಗಿರಲಿಲ್ಲ.

ಭಾರತ ಸರಕಾರವು 2014ರಲ್ಲಿ ರಾಷ್ಟ್ರೀಯ ಕೃಷಿ ಅರಣ್ಯ ನೀತಿಯನ್ನು ಪ್ರಕಟಿಸಿತು. ಈ ವಿಷಯಕ್ಕಾಗಿಯೇ ಪ್ರತ್ಯೇಕ ರಾಷ್ಟ್ರೀಯ ನೀತಿಯನ್ನು ಅಂಗೀಕರಿಸಿದ ಮೊದಲ ದೇಶ ಭಾರತ.

2. ತೋಟದ ಅಂತಸ್ತುಗಳು

ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗು ಸಂಶೋಧನಾ ಕೇಂದ್ರವು ಮುಂದೆ, 1970ರಲ್ಲಿ, ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ರೂಪುಗೊಂಡಿತು. ತೆಂಗು ಮತ್ತು ಅಡಿಕೆಯ ತೋಟಗಳಲ್ಲಿ ಹಲವು ಅಂತಸ್ತಿನ ಬೇಸಾಯವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದ ಕೀರ್ತಿ ಈ ಸಂಸ್ಥೆಗೆ ಸಲ್ಲುತ್ತದೆ. ಅದರ ಹಿಂದಿರುವ ತರ್ಕವನ್ನು ಗಣಿತದ ಅವಧಿಯಲ್ಲಿಯೇ ತೋರಿಸಬಹುದು.

ತೆಂಗಿನ ಗಿಡಗಳನ್ನು ಸಾಮಾನ್ಯವಾಗಿ 7.5 ಮೀಟರ್ ಅಂತರದಲ್ಲಿ ಚೌಕಾಕಾರವಾಗಿ ನೆಡುತ್ತಾರೆ. ಹೀಗೆ ಒಂದು ಗಿಡಕ್ಕೆ ಸಿಗುವ ಜಾಗ 56.25 ಚದರ ಮೀಟರ್. ಒಂದು ಹೆಕ್ಟೇರಿಗೆ ಸುಮಾರು 177 ಗಿಡಗಳು. ತೆಂಗಿನ ಕ್ರಿಯಾಶೀಲ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ 2 ಮೀಟರ್ ತ್ರಿಜ್ಯದೊಳಗೇ ಇರುತ್ತವೆ. 2 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ ಸುಮಾರು 12.6 ಚದರ ಮೀಟರ್, ಅಂದರೆ ಗಿಡಕ್ಕೆ ಮೀಸಲಾದ ಜಾಗದ ಶೇಕಡಾ 22ರಷ್ಟು. ಉಳಿದ ಮುಕ್ಕಾಲು ಪಾಲಿಗಿಂತಲೂ ಹೆಚ್ಚು ನೆಲವನ್ನು ತೆಂಗು ಹೆಚ್ಚಾಗಿ ಬಳಸಿಕೊಳ್ಳುವುದೇ ಇಲ್ಲ. ಗರಿಗಳ ನಡುವಿನಿಂದ ಬಿಸಿಲೂ ಕೆಳಗಿಳಿಯುತ್ತದೆ.

ಈ ಖಾಲಿ ನೆಲದಲ್ಲಿಯೂ ಬಿಸಿಲಿನಲ್ಲಿಯೂ ಇತರ ಬೆಳೆಗಳು ನೆಲೆಗೊಳ್ಳುತ್ತವೆ. ಮೇಲಿನ ಅಂತಸ್ತಿನಲ್ಲಿ ತೆಂಗು ಅಥವಾ ಅಡಿಕೆ, ಅದರ ಕಾಂಡವನ್ನು ಅಪ್ಪಿದ ಕರಿಮೆಣಸು ಅಥವಾ ವೀಳ್ಯದೆಲೆಯ ಬಳ್ಳಿ, ನಡುವೆ ಕೊಕ್ಕೋ ಮತ್ತು ಬಾಳೆ, ನೆಲಮಟ್ಟದಲ್ಲಿ ಶುಂಠಿ, ಅರಸಿನ, ಅನಾನಸು. ಅಡಿಕೆಯನ್ನು 2.7 ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಹೆಕ್ಟೇರಿಗೆ ಎಷ್ಟು ಗಿಡಗಳಾಗುತ್ತವೆ ಎಂಬುದನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಬೇಕು (ಉತ್ತರ: ಸುಮಾರು 1,370).

ಹೀಗೆ ಹಲವು ಬೆಳೆಗಳಿರುವುದರಿಂದ ರೈತನಿಗೆ ದೊರೆಯುವ ಮುಖ್ಯ ಪ್ರಯೋಜನ ಭದ್ರತೆ. ಅಡಿಕೆಗೆ ಕೊಳೆರೋಗ ತಗುಲಿದ ವರ್ಷ ಮೆಣಸು ಕೈಹಿಡಿಯಬಹುದು. ಮೆಣಸಿನ ಬೆಲೆ ಕುಸಿದಾಗ ಬಾಳೆ ಮತ್ತು ಕೊಕ್ಕೋ ಮನೆಖರ್ಚಿಗಾಗಬಹುದು. ಹಳದಿ ಎಲೆ ರೋಗದಿಂದ ಅಡಿಕೆ ತೋಟಗಳೇ ನಾಶವಾದ ಊರುಗಳ ಅನುಭವವು ಒಂದೇ ಬೆಳೆಯನ್ನು ನಂಬುವುದರ ಅಪಾಯವನ್ನು ಸಾರುತ್ತದೆ.

3. ಗುಡ್ಡವು ತೆತ್ತ ಬೆಲೆ

ತೋಟವು ಎಷ್ಟೇ ಸಮೃದ್ಧವಾಗಿದ್ದರೂ ಅದರ ಫಲವತ್ತತೆಯ ಮೂಲ ಎಲ್ಲಿದೆ ಎಂಬುದನ್ನು ಕೇಳಲೇಬೇಕು. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಅಲ್ಲಿನ ಭೂವ್ಯವಸ್ಥೆಯಲ್ಲಿ ಸಾಗುವಳಿ ಭೂಮಿಗೆ ತಾಗಿದ ಸರಕಾರಿ ಗುಡ್ಡದಿಂದ ಸೊಪ್ಪು, ಸೌದೆ, ಹುಲ್ಲು ತರಲು ರೈತನಿಗಿದ್ದ ಸವಲತ್ತನ್ನು ‘ಕುಮ್ಕಿ’ ಎನ್ನುತ್ತಿದ್ದರು. ತೋಟಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಗುಡ್ಡ ಬೇಕು ಎಂಬ ತಿಳಿವಳಿಕೆಯನ್ನು ಕಾನೂನೂ ಒಪ್ಪಿತ್ತು.

ಆದರೆ ಗುಡ್ಡದಿಂದ ಪ್ರತಿ ವರ್ಷ ಸೊಪ್ಪು ಸವರಿ, ತರಗೆಲೆ ಗುಡಿಸಿ ತಂದಾಗ ಅದರೊಡನೆ ಸಾರಜನಕ, ರಂಜಕ, ಪೊಟಾಷ್‌ಗಳೂ ತೋಟಕ್ಕೆ ಇಳಿದು ಬರುತ್ತವೆ. ಮರಳಿ ಮೇಲೇರುವುದು ಏನೂ ಇಲ್ಲ. ತರಗೆಲೆಯ ಹೊದಿಕೆಯಿಲ್ಲದ ನೆಲದ ಮೇಲೆ ಮಳೆಹನಿ ನೇರವಾಗಿ ಬಡಿಯುತ್ತದೆ. ಮೇಲ್ಮಣ್ಣು ಕೊಚ್ಚಿಹೋಗಿ ಮುರಕಲ್ಲು ಹೊರಬೀಳುತ್ತದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ಹನ್ನೆರಡು ನದಿಗಳು ಹರಿಯುವ ಜಿಲ್ಲೆಯಲ್ಲಿ ಮಾರ್ಚ್ ಹೊತ್ತಿಗೆ ಬಾವಿ ಬತ್ತುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ತನಕ ಸುರಿದುಬಿಡುತ್ತದೆ. ಅದನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಡುವ ಮಣ್ಣು ಗುಡ್ಡದಲ್ಲಿರಬೇಕು. ಬಾಯಾರು, ಪಡ್ರೆ ಮುಂತಾದ ಕಡೆಗಳಲ್ಲಿ ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳು ಇಂಥ ಇಂಗಿದ ನೀರನ್ನೇ ನಂಬಿದವು. ಕೊಳವೆಬಾವಿಗಳು ಆಳದ ನೀರನ್ನು ಎತ್ತತೊಡಗಿದ ಮೇಲೆ, ಮೇಲಿನಿಂದ ಇಂಗುವ ನೀರಿನ ಬೆಲೆ ಇನ್ನಷ್ಟು ಹೆಚ್ಚಿದೆ.

ಆದ್ದರಿಂದ ತೋಟದ ಸೊಪ್ಪು, ಸೌದೆ ಮತ್ತು ಮರದ ಅಗತ್ಯವನ್ನು ತೋಟದ ಗಡಿಯೊಳಗೇ ಪೂರೈಸಿಕೊಳ್ಳುವುದು ಕಾಡಿನ ಪುನಶ್ಚೇತನದ ಮೊದಲ ಹೆಜ್ಜೆ. ಮಧ್ಯ ಅಮೆರಿಕದಿಂದ ಬಂದ, ‘ಗೊಬ್ಬರದ ಗಿಡ’ವೆಂದೇ ಹೆಸರಾದ ಗ್ಲಿರಿಸಿಡಿಯಾವನ್ನು ಬೇಲಿಗೆ ನೆಟ್ಟರೆ ಕೆಲವೇ ವರ್ಷಗಳಲ್ಲಿ ಸೊಪ್ಪು ಕಡಿಯಲು ಸಿಗುತ್ತದೆ, ದ್ವಿದಳ ಜಾತಿಯಾದ್ದರಿಂದ ಅದರ ಬೇರುಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಹಾಲುವಾಣವೂ ಹೀಗೆಯೇ ಉಪಯುಕ್ತ. ಹಲಸು, ಮಾವು, ಹೆಬ್ಬಲಸು, ಪುನರ್ಪುಳಿ, ಬಿದಿರು ತೋಟದ ಮೇಲಂಚಿನಲ್ಲಿದ್ದರೆ ಹಣ್ಣು, ಸೌದೆ, ಮರ ಮೂರೂ ದೊರೆಯುತ್ತವೆ.

4. ಹಸುರಾದುದೆಲ್ಲ ಕಾಡಲ್ಲ

ಈ ಭಾಗವನ್ನು ಶಿಕ್ಷಕರು ಹೆಚ್ಚು ಸಮಯ ಕೊಟ್ಟು ಚರ್ಚಿಸಬೇಕು. ಮರಗಳ ಸಂಖ್ಯೆಯಿಂದಲೇ ಕಾಡನ್ನು ಅಳೆಯುವ ಅಭ್ಯಾಸ ಮಕ್ಕಳಲ್ಲಿ ಮಾತ್ರವಲ್ಲ, ದೊಡ್ಡವರಲ್ಲಿಯೂ ಬಲವಾಗಿದೆ.

ಮೊದಲನೆಯ ಉದಾಹರಣೆ ಅಕೇಶಿಯಾ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಆಸ್ಟ್ರೇಲಿಯ ಮೂಲದ ಈ ಮರವನ್ನು ಕರಾವಳಿಯ ಗುಡ್ಡಗಳಲ್ಲಿ ವ್ಯಾಪಕವಾಗಿ ನೆಡಲಾಯಿತು. ಅದು ಬಡ ನೆಲದಲ್ಲಿಯೂ ಬೇಗ ಬೆಳೆಯುತ್ತದೆ, ಸೌದೆ ಕೊಡುತ್ತದೆ. ಆದರೆ ಅದರ ದಪ್ಪ ಎಲೆ ಬೇಗ ಕೊಳೆಯದು. ಊರಿನ ಹಕ್ಕಿಗಳಿಗೂ ಪ್ರಾಣಿಗಳಿಗೂ ಹಲಸು, ಅತ್ತಿ, ನೇರಳೆ ಕೊಡುವಷ್ಟು ಆಹಾರವನ್ನು ಅದು ಕೊಡದು.

ಎರಡನೆಯದು ಗೇರಿನ ಏಕಬೆಳೆ. ಜಿಲ್ಲೆಯ ಗುಡ್ಡಗಳ ವಿಸ್ತಾರವಾದ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಎಂಡೋಸಲ್ಫಾನ್ ಕೀಟನಾಶಕವನ್ನು ಹೆಲಿಕಾಪ್ಟರಿನ ಮೂಲಕ ಸಿಂಪಡಿಸಲಾಯಿತು. ಕೆಳಗಿನ ಮನೆ, ಬಾವಿ, ತೋಡುಗಳಿಗೂ ಅದು ತಲುಪಿತು. ಅದರಿಂದ ಜನರು ಅನುಭವಿಸಿದ, ಇಂದಿಗೂ ಅನುಭವಿಸುತ್ತಿರುವ ಯಾತನೆ ಲೋಕವಿದಿತ. 2011ರಲ್ಲಿ ಈ ರಾಸಾಯನಿಕವನ್ನು ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಲಾಯಿತು. ದೂರದಿಂದ ಕಂಡರೆ ಆ ಗುಡ್ಡಗಳೂ ಹಸುರಾಗಿಯೇ ಇದ್ದವು. ಒಂದೇ ಜಾತಿಯ ಮರವಿದ್ದಲ್ಲಿ ಅದರ ಕೀಟವೂ ಮಿತಿಮೀರಿ ಬೆಳೆಯಲು ಅನುಕೂಲವಾಗುತ್ತದೆ. ಆಗ ವಿಷದ ಮೊರೆ ಹೋಗುವ ಒತ್ತಡ ಹೆಚ್ಚುತ್ತದೆ. ತರಗತಿಯಲ್ಲಿ ಸಂತ್ರಸ್ತ ಕುಟುಂಬಗಳ ಮಕ್ಕಳಿರಬಹುದಾದ್ದರಿಂದ ಶಿಕ್ಷಕರು ಈ ವಿಷಯವನ್ನು ಎಚ್ಚರದಿಂದ, ವ್ಯಕ್ತಿಗಳನ್ನು ಬೊಟ್ಟುಮಾಡದೆ ಪ್ರಸ್ತಾಪಿಸುವುದು ಉಚಿತ.

ಮೂರನೆಯದು ಇದಕ್ಕೆ ವ್ಯತಿರಿಕ್ತವಾದುದು. ಮುರಕಲ್ಲಿನ ಸಮತಟ್ಟಾದ ಪದವುಗಳು ಬೇಸಗೆಯಲ್ಲಿ ಬೋಳಾಗಿ ಕಾಣುತ್ತವೆ. ಮಳೆಗಾಲದಲ್ಲಿ ಅಲ್ಲಿನ ತೆಳುಮಣ್ಣಿನ ಮೇಲೆ ಹುಲ್ಲು, ಕಿರಿಯ ಹೂಗಿಡಗಳು, ಕೀಟಾಹಾರಿ ಸಸ್ಯಗಳು ತುಂಬಿಕೊಳ್ಳುತ್ತವೆ. ಅವುಗಳಲ್ಲಿ ಕೆಲವು ಬೇರೆಲ್ಲಿಯೂ ಕಾಣಸಿಗದಂಥವು. ನೆರೆಯ ಕಣ್ಣೂರು ಜಿಲ್ಲೆಯ ಮಾಡಾಯಿಪಾರೆಯ ಹೆಸರನ್ನೇ ಹೊತ್ತ ಸಸ್ಯಜಾತಿಯೂ ಉಂಟು. ಪದವು ಹಾಳಾದ ಕಾಡಲ್ಲ, ಅದೇ ಒಂದು ಸ್ವಾಭಾವಿಕ ವ್ಯವಸ್ಥೆ. ಅಲ್ಲಿ ಗುಂಡಿ ತೋಡಿ ಮರ ನೆಡುವುದು ಪುನಶ್ಚೇತನವಾಗದು.

5. ವಯನಾಡಿನ ಕಾಫಿ ತೋಟ

ಕರಾವಳಿಯಲ್ಲಿ ತೋಟವು ಕಾಡಿನ ಕೆಳಗಿದ್ದರೆ ವಯನಾಡಿನಲ್ಲಿ ತೋಟವು ಕಾಡಿನ ನೆರಳಿನೊಳಗೇ ಬೆಳೆಯಿತು. ಭಾರತದ ಕಾಫಿ ಬಹುತೇಕ ನೆರಳಿನಲ್ಲಿ ಬೆಳೆಯುವ ಕಾಫಿ. ಕೊಡಗಿನಂತೆಯೇ ವಯನಾಡಿನಲ್ಲಿಯೂ ಹಲಸು, ಅತ್ತಿ, ಬೀಟೆ, ಹೊನ್ನೆ, ನಂದಿ, ಮತ್ತಿ ಮರಗಳನ್ನು ಉಳಿಸಿಕೊಂಡು ಅವುಗಳ ಕೆಳಗೆ ಕಾಫಿ ನೆಟ್ಟ ತೋಟಗಳಿವೆ. 2019ರಲ್ಲಿ ವಯನಾಡಿನ ರೋಬಸ್ಟಾ ಕಾಫಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು.

ಇಂಥ ತೋಟವು ಎರಡು ಕಾಡುಗಳ ನಡುವಿನ ಸೇತುವೆಯಾಗಬಲ್ಲದು. ಮಂಗಟ್ಟೆ, ಕುಟ್ರು, ಪಿಕಳಾರ ಹಕ್ಕಿಗಳೂ ಬಾವಲಿಗಳೂ ಅತ್ತಿಮರದಲ್ಲಿ ಹಣ್ಣು ತಿಂದು ಬೀಜವನ್ನು ಮತ್ತೊಂದೆಡೆ ಉದುರಿಸುತ್ತವೆ. ಕಾಡಿನ ಪುನಶ್ಚೇತನದಲ್ಲಿ ಮನುಷ್ಯ ನೆಡುವ ಸಸಿಗಿಂತ ಹಕ್ಕಿ ಬಿತ್ತುವ ಬೀಜದ ಪಾಲು ಕಡಿಮೆಯೇನಲ್ಲ.

ಆದರೆ ಅನೇಕ ತೋಟಗಳಲ್ಲಿ ನಾಡಮರಗಳ ಜಾಗವನ್ನು ಸಿಲ್ವರ್ ಓಕ್ ಆಕ್ರಮಿಸಿದೆ. ಇದೂ ಆಸ್ಟ್ರೇಲಿಯ ಮೂಲದ್ದೇ. ನೇರವಾಗಿ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಗ ಮಾರಾಟಕ್ಕೆ ಬರುತ್ತದೆ, ಕಡಿಯಲು ತೊಡಕೂ ಕಡಿಮೆ. ಬೀಟೆಯಂಥ ಮರವನ್ನು ತನ್ನ ತೋಟದಲ್ಲಿಯೇ ಬೆಳೆಸಿದರೂ ಕಡಿಯಲು ಅನುಮತಿ ಬೇಕು. ರೈತನು ಸಿಲ್ವರ್ ಓಕನ್ನು ಆಯ್ದುಕೊಳ್ಳುವುದು ಅಜ್ಞಾನದಿಂದಲ್ಲ, ಲೆಕ್ಕಾಚಾರದಿಂದ. ಮರಗಳನ್ನು ಉಳಿಸಲೆಂದು ಮಾಡಿದ ನಿಯಮವೇ ಆ ಮರಗಳನ್ನು ನೆಡದಂತೆ ಮಾಡುವ ಈ ವಿಪರ್ಯಾಸವನ್ನು 2014ರ ನೀತಿಯೂ ಗುರುತಿಸಿ, ಕಡಿಯುವ ಮತ್ತು ಸಾಗಿಸುವ ನಿಯಮಗಳನ್ನು ಸರಳಗೊಳಿಸಬೇಕೆಂದು ಸೂಚಿಸಿದೆ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಯಲ್ಲಿ ಸಂಭವಿಸಿದ ಭೂಕುಸಿತದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ‘ಮರ ನೆಟ್ಟಿದ್ದರೆ ಇದು ಆಗುತ್ತಿರಲಿಲ್ಲವೇ?’ ಎಂದು ಮಕ್ಕಳು ಕೇಳುವುದು ಸಹಜ. ಬೇರುಗಳು ಮೇಲ್ಪದರದ ಮಣ್ಣನ್ನು ಹಿಡಿದಿಡುತ್ತವೆ, ಸವೆತವನ್ನೂ ಸಣ್ಣ ಕುಸಿತಗಳನ್ನೂ ತಗ್ಗಿಸುತ್ತವೆ. ಆದರೆ ಅತಿವೃಷ್ಟಿಯಲ್ಲಿ ಕಡಿದಾದ ಬೆಟ್ಟವು ಆಳದಿಂದಲೇ ಜಾರಿದಾಗ ಮರಗಳೂ ಅದರೊಡನೆ ಕೊಚ್ಚಿಹೋಗುತ್ತವೆ. ಹೀಗೆ ಇದ್ದುದನ್ನು ಇದ್ದಂತೆ ಹೇಳುವುದೇ ಶಿಕ್ಷಕರ ಧರ್ಮ.

6. ಪುನಶ್ಚೇತನದ ಕ್ರಮ

ತೋಟದ ಮೇಲಿನ ಇಳಿಜಾರು ಬರಿದಾಗಿದ್ದರೆ ಕೆಲಸವನ್ನು ಈ ಕ್ರಮದಲ್ಲಿ ನಡೆಸುವುದು ಸೂಕ್ತ.

(ಅ) ಹಾನಿಯನ್ನು ನಿಲ್ಲಿಸುವುದು: ಬೆಂಕಿ, ಮಿತಿಮೀರಿದ ಮೇಯಿಸುವಿಕೆ ಮತ್ತು ತರಗೆಲೆ ಗುಡಿಸುವುದನ್ನು ಮೊದಲು ತಡೆಯಬೇಕು. ಇದಕ್ಕೆ ಬದಲಿ ಸೊಪ್ಪು ಮತ್ತು ಸೌದೆ ತೋಟದಲ್ಲಿ ಸಿದ್ಧವಿರಬೇಕು.

(ಆ) ಇರುವುದನ್ನು ಗುರುತಿಸುವುದು: ಕಡಿದ ಬೊಡ್ಡೆಗಳ ಚಿಗುರು ಮತ್ತು ತಾನಾಗಿ ಹುಟ್ಟಿದ ಸಸಿಗಳನ್ನು ಲೆಕ್ಕ ಮಾಡಿ ಕಾಯಬೇಕು. ಪಶ್ಚಿಮ ಆಫ್ರಿಕದ ನೈಜರ್ ದೇಶದ ರೈತರು 1980ರ ದಶಕದಿಂದ ಹೊಲಗಳಲ್ಲಿನ ಬೊಡ್ಡೆಗಳ ಚಿಗುರನ್ನು ಆರಿಸಿ, ಸವರಿ, ಕಾಪಾಡಿದ್ದರಿಂದಲೇ ಸುಮಾರು 50 ಲಕ್ಷ ಹೆಕ್ಟೇರ್ ಪ್ರದೇಶದಲ್ಲಿ ಮರಗಳು ಮರಳಿ ಬಂದವು. ಅಲ್ಲಿನದು ಒಣನಾಡು, ಇಲ್ಲಿನದು ಮಳೆನಾಡು; ಆದರೂ ಇದ್ದ ಬೇರನ್ನು ಬಳಸಿಕೊಳ್ಳುವ ತತ್ತ್ವ ಎರಡು ಕಡೆಗೂ ಸಲ್ಲುತ್ತದೆ.

(ಇ) ನೀರು ತಡೆಯುವುದು: ಸಾಧಾರಣ ಇಳಿಜಾರಿನಲ್ಲಿ ಸಮಪಾತಳಿಯುದ್ದಕ್ಕೂ ಚಿಕ್ಕ ಇಂಗುಗುಂಡಿಗಳನ್ನು ತೆಗೆಯಬಹುದು. ಕುಸಿತದ ಭಯವಿರುವ ಕಡಿದಾದ ಜಾಗಗಳಲ್ಲಿ ಗುಂಡಿ ತೆಗೆಯಬಾರದು.

(ಈ) ಅಂತರ ತುಂಬುವುದು: ಉಪ್ಪಳಿಗೆಯಂತೆ ಬಿಸಿಲಿನಲ್ಲಿ ಬೇಗ ಬೆಳೆಯುವ ಮರಗಳು ಮೊದಲು ನೆರಳು ಕೊಡಲಿ, ಅವುಗಳ ಆಸರೆಯಲ್ಲಿ ಹೊನ್ನೆ, ಹೆಬ್ಬಲಸು, ಧೂಪ, ಕಿರಾಲುಬೋಗಿ ಮುಂತಾದ ನಿಧಾನವಾಗಿ ಬೆಳೆಯುವ ಮರಗಳನ್ನು ನೆಡಬೇಕು. ಅತ್ತಿ ಮತ್ತು ಗೋಳಿ ಮರಗಳು ಹಕ್ಕಿಗಳನ್ನು ಕರೆತರುತ್ತವೆ. ಯಾವ ಜಾತಿಯನ್ನು ನೆಡಬೇಕೆಂಬುದಕ್ಕೆ ಹತ್ತಿರದ ಬನ ಅಥವಾ ಕಾವು ಉತ್ತಮ ಮಾರ್ಗದರ್ಶಿ. ಆ ನೆಲಕ್ಕೆ ಒಗ್ಗುವ ಮರಗಳು ಅಲ್ಲಿವೆ.

(ಉ) ಕನಿಷ್ಠ ಮೂರು ವರ್ಷ ಪೋಷಿಸಿ, ಬಳಿಕ ಬಿಟ್ಟುಬಿಡುವುದು. ಬಿದ್ದ ಎಲೆಯನ್ನೂ ಒಣಕೊಂಬೆಯನ್ನೂ ಅಲ್ಲಿಯೇ ಕೊಳೆಯಲು ಬಿಡುವುದೂ ಕೆಲಸದ ಭಾಗವೇ.

7. ತರಗತಿ ಚಟುವಟಿಕೆಗಳು

ಚಟುವಟಿಕೆ 1: ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ಉದ್ದಕ್ಕೆ ಕತ್ತರಿಸಿ ಸಮಾನ ಪ್ರಮಾಣದ ಮಣ್ಣು ತುಂಬಿ, ಬಾಯಿಯ ಕಡೆ ತುಸು ತಗ್ಗಾಗುವಂತೆ ಇಡಬೇಕು. ಒಂದರ ಮೇಲೆ ತರಗೆಲೆ ಹೊದಿಸಿ, ಇನ್ನೊಂದನ್ನು ಬರಿದಾಗಿ ಬಿಡಬೇಕು. ಎರಡಕ್ಕೂ ಅರ್ಧ ಲೀಟರ್ ನೀರನ್ನು ಒಂದೇ ವೇಗದಲ್ಲಿ ಸುರಿದು, ಹೊರಬಂದ ನೀರಿನ ಪ್ರಮಾಣ, ಬಣ್ಣ ಮತ್ತು ತೆಗೆದುಕೊಂಡ ಸಮಯವನ್ನು ಪಟ್ಟಿ ಮಾಡಬೇಕು.

ಚಟುವಟಿಕೆ 2: ಮನೆಯ ತೋಟ, ಅಕೇಶಿಯಾ ಅಥವಾ ರಬ್ಬರ್ ತೋಪು ಮತ್ತು ಬನದ ಅಂಚು ಹೀಗೆ ಮೂರು ಕಡೆ 10 ಮೀಟರ್ ಚೌಕವನ್ನು ಗುರುತಿಸಿ ಜಾತಿಗಳ ಸಂಖ್ಯೆ, ತಾನಾಗಿ ಹುಟ್ಟಿದ ಸಸಿಗಳ ಸಂಖ್ಯೆ ಮತ್ತು ತರಗೆಲೆಯ ದಪ್ಪವನ್ನು ಅಳೆಯಬೇಕು. ಬನದೊಳಗೆ ಹೋಗುವ ಮೊದಲು ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಅಲ್ಲಿನ ಕಟ್ಟುಕಟ್ಟಳೆಗಳನ್ನು ಗೌರವಿಸಬೇಕು.

ಚಟುವಟಿಕೆ 3: ಮರಗಳ ಹೆಸರಿನ ಪಟ್ಟಿ. ಗಡಿನಾಡಿನ ಮಗುವಿಗೆ ಒಂದೇ ಮರದ ಹೆಸರು ಕನ್ನಡ, ತುಳು, ಮಲಯಾಳಂ ಮೂರು ಭಾಷೆಗಳಲ್ಲಿಯೂ ತಿಳಿದಿರಬಹುದು. ಪಠ್ಯಪುಸ್ತಕದಲ್ಲಿ ಮಾತ್ರ ಆ ಯಾವ ಹೆಸರೂ ಇಲ್ಲದಿರಬಹುದು. ಮನೆಯ ಹಿರಿಯರನ್ನು ಕೇಳಿ ಹೆಸರು, ಉಪಯೋಗ ಮತ್ತು ಈಗ ಆ ಮರ ಎಲ್ಲಿದೆ ಎಂಬುದನ್ನು ಬರೆಯಿಸಬೇಕು. ಕಾಸರಗೋಡು ಎಂಬ ಹೆಸರೇ ಕಾಸರಕ ಮರದಿಂದ ಬಂತೆಂಬ ಅಭಿಪ್ರಾಯವನ್ನು ಇಲ್ಲಿ ತಿಳಿಸಬಹುದು. ಹೆಸರು ಮರೆತ ಮರವನ್ನು ಯಾರೂ ನೆಡಲಾರರು. ಆದ್ದರಿಂದ ಈ ಪಟ್ಟಿ ಭಾಷೆಯ ಪಾಠವೂ ಹೌದು, ಕಾಡಿನ ಪಾಠವೂ ಹೌದು.

ಶಿಕ್ಷಕರ ಗಮನಕ್ಕೆ: ಜೂನ್ 5ರ ಪರಿಸರ ದಿನದಂದು ನೆಟ್ಟ ಸಸಿಗಳ ಪೈಕಿ ಮುಂದಿನ ಜೂನ್‌ನಲ್ಲಿ ಎಷ್ಟು ಉಳಿದಿವೆ ಎಂಬ ಎಣಿಕೆಯನ್ನು ಶಾಲೆಯ ದಾಖಲೆಯಲ್ಲಿ ಸೇರಿಸುವುದು ಒಳ್ಳೆಯದು. ನೆಟ್ಟ ಸಸಿಗಳ ಸಂಖ್ಯೆಗಿಂತ ಬದುಕಿದ ಸಸಿಗಳ ಸಂಖ್ಯೆ ಮಕ್ಕಳಿಗೆ ಹೆಚ್ಚನ್ನು ಕಲಿಸುತ್ತದೆ.

8. ಮೌಲ್ಯಮಾಪನ

1. ಕುಮೇರಿ ಮತ್ತು ಟಾಂಗ್ಯ ಪದ್ಧತಿಗಳಲ್ಲಿ ಕಾಡಿನ ಗತಿ ಹೇಗೆ ಭಿನ್ನವಾಗಿತ್ತು?
2. ತೆಂಗಿನ ತೋಟದಲ್ಲಿ ನೆಲದ ಶೇಕಡಾ ಎಷ್ಟು ಭಾಗ ಮಿಶ್ರಬೆಳೆಗೆ ಲಭ್ಯ? ಲೆಕ್ಕ ಮಾಡಿ ತೋರಿಸಿರಿ.
3. ‘ಗೇರು ತೋಟವೂ ಮರಗಳದ್ದೇ, ಆದ್ದರಿಂದ ಅದು ಕಾಡು.’ ಈ ಮಾತನ್ನು ವಿಮರ್ಶಿಸಿರಿ.
4. ಪದವಿನಲ್ಲಿ ಮರ ನೆಡುವುದು ಏಕೆ ಉಚಿತವಲ್ಲ?
5. ನಾಡಮರಗಳನ್ನು ಬಿಟ್ಟು ಸಿಲ್ವರ್ ಓಕ್ ನೆಡುವ ರೈತನ ಕಾರಣಗಳಾವುವು? ಆತನಿಗೆ ನಷ್ಟವಾಗದಂತೆ ನಾಡಮರಗಳನ್ನು ಉಳಿಸಲು ಯಾವ ಕ್ರಮಗಳನ್ನು ಕೈಗೊಳ್ಳಬಹುದು?
6. ನಿಮ್ಮ ಮನೆಯ ತೋಟಕ್ಕೆ ಒಂದು ವರ್ಷದಲ್ಲಿ ಹೊರಗಿನಿಂದ ಬರುವ ಸೊಪ್ಪು, ಸೌದೆ ಮತ್ತು ಮರದ ಪಟ್ಟಿ ಮಾಡಿ, ಅವುಗಳಲ್ಲಿ ಯಾವುದನ್ನು ತೋಟದಲ್ಲಿಯೇ ಬೆಳೆಸಬಹುದೆಂದು ಸೂಚಿಸಿರಿ.

ಆರನೆಯ ಪ್ರಶ್ನೆಯ ಉತ್ತರವನ್ನು ಮನೆಯವರೊಂದಿಗೆ ಚರ್ಚಿಸಿ ಬರೆಯಲು ಒಂದು ವಾರದ ಅವಕಾಶ ನೀಡಬೇಕು. ತೋಟವಿಲ್ಲದ ಮನೆಗಳ ಮಕ್ಕಳು ಶಾಲೆಯ ಆವರಣವನ್ನೋ ನೆರೆಯ ತೋಟವನ್ನೋ ಆರಿಸಿಕೊಳ್ಳಬಹುದು. ಪಟ್ಟಿಯು ಪೂರ್ಣವಾಗಿದೆಯೇ ಎಂಬುದಕ್ಕಿಂತ, ತೋಟದ ಒಂದೊಂದು ಅಗತ್ಯವೂ ಗುಡ್ಡದ ಯಾವ ಭಾಗವನ್ನು ತಾಗುತ್ತದೆ ಎಂಬುದನ್ನು ವಿದ್ಯಾರ್ಥಿಯು ಗ್ರಹಿಸಿರುವನೇ ಅಥವಾ ಗ್ರಹಿಸಿರುವಳೇ ಎಂಬುದನ್ನು ಗಮನಿಸಿ ಅಂಕ ನೀಡತಕ್ಕದ್ದು.